ಮೊದಲ ಸಾಲಿನ ಶ್ರೀ

ಹೊಸದಾಗಿ ಕಂಪ್ಯೂಟರ್ ವಿಭಾಗಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಅವರಿಗೆ ಮಂಡಕ್ಕಿ, ಚಹಾ ಕೊಟ್ಟು ನಾನು ಕೇಳುವ ಪ್ರಶ್ನೆ ಒಂದೇ. ನಿನ್ನ ಮಷೀನಿನಲ್ಲಿ ದಿನಾ ಓಡುವ ಸ್ಕ್ರಿಪ್ಟುಗಳಿವೆಯಲ್ಲ, ಅವನ್ನು ಯಾರು ಯಾರು ತಿದ್ದಬಹುದು ಅಂತ ಇವತ್ತು ನೋಡಿದ್ದೀಯಾ? ಅರ್ಧ ಜನ ನಗುತ್ತಾರೆ. ಉಳಿದವರು ಅದನ್ನೆಲ್ಲ ಸಿಸ್ಟಮ್ಮೇ ನೋಡಿಕೊಳ್ಳುತ್ತದೆ ಮೇಡಂ ಅನ್ನುತ್ತಾರೆ. ನನ್ನ ಇಡೀ ನೌಕರಿಯಲ್ಲಿ ತನ್ನನ್ನು ತಾನೇ ನೋಡಿಕೊಂಡ ಒಂದೇ ಒಂದು ಜೀವವನ್ನು ಕಂಡಿದ್ದೇನೆ, ಅದು ನಮ್ಮ ಕಾರ್ಖಾನೆಯ ಕ್ಯಾಂಟೀನಿನ ಬೆಕ್ಕು. ಮಿಕ್ಕಿದ್ದಕ್ಕೆಲ್ಲ ಯಾರಾದರೂ ಒಬ್ಬರು ನೋಡಬೇಕಾಗಿತ್ತು.

ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲುಗಳ ವಿಷಯ ಇದರಲ್ಲಿ ಇರುವುದಿಲ್ಲ. ಶಾಲುಗಳು ಬೀರುವಿನಲ್ಲಿವೆ, ನುಸಿಗುಳಿಗೆ ಹಾಕಿಟ್ಟಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಟೈಪಿಸ್ಟ್ ಆಗಿ, ಅದೂ ಟೆಂಪರರಿ. ತೊಂಬತ್ತರ ದಶಕದ ಕೊನೆಯ ವರ್ಷಗಳು. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿ, ನಮ್ಮ ಯಜಮಾನರು ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದರು. ನಿಜಲಿಂಗಪ್ಪ ಬಡಾವಣೆಯ ಒಂದು ದೊಡ್ಡ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ನನ್ನ ತವರು ನಂದಿಗುಡಿ. ಅಲ್ಲಿಂದ ಅಕ್ಕಿ ಬರುತ್ತಿತ್ತು, ಉಳಿದದ್ದೆಲ್ಲ ನನ್ನ ದುಡಿಮೆಯಲ್ಲಿ ನಡೆಯಬೇಕಿತ್ತು. ಹರಿಹರದಲ್ಲಿ ಪಂಪಿನ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆ, ದಾವಣಗೆರೆಯಲ್ಲಿ ಅದರ ಮಾರಾಟದ ಆಫೀಸು. ಹೆಸರು ಬೇಡ. ಅಲ್ಲಿದ್ದವರಿಗೆ ಗೊತ್ತು, ಇಲ್ಲದವರಿಗೆ ಬೇಕಿಲ್ಲ.

ನನ್ನನ್ನು ಟೈಪಿಂಗ್ ಕೋಣೆಯಿಂದ ಕಂಪ್ಯೂಟರ್ ಕೋಣೆಗೆ ದಾಟಿಸಿದವರು ಅಕೌಂಟ್ಸ್ ವಿಭಾಗದ ಹಿರಿಯರಾದ ಚನ್ನಬಸಪ್ಪನವರು. ದಾವಣಗೆರೆಯ ಹಳೆಯ ವ್ಯಾಪಾರಸ್ಥರ ಮನೆತನ. ಹಣೆಯ ತುಂಬ ವಿಭೂತಿ, ಬಿಳಿ ಅಂಗಿ, ಬೇಸಿಗೆಯಲ್ಲೂ ಮೇಲೊಂದು ಕಂದು ಕೋಟು. ಇಡೀ ಕಾರ್ಖಾನೆ ಅವರನ್ನು ಅಪ್ಪಾಜಿ ಎಂದೇ ಕರೆಯುತ್ತಿತ್ತು. ಈ ಹೆಣ್ಣುಮಗಳ ಬೆರಳು ಕೀಲಿಮಣೆ ಮೇಲೆ ತಪ್ಪುವುದಿಲ್ಲ, ಇವಳನ್ನೇ ಆಪರೇಟರ್ ಮಾಡಿ ಎಂದು ಅವರು ಹೇಳಿದ್ದಕ್ಕೆ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾದ ಪ್ರಕಾಶ್ ಸರ್ ಎದುರು ಮಾತಾಡಲಿಲ್ಲ. ಇಬ್ಬರ ಮನೆಯೂ ಎಸ್.ಎಸ್. ಬಡಾವಣೆಯಲ್ಲಿ, ಅಕ್ಕಪಕ್ಕದ ಬೀದಿ. ಪ್ರಕಾಶ್ ಸರ್ ಚಡ್ಡಿ ಹಾಕಿಕೊಂಡು ಆಡುತ್ತಿದ್ದುದನ್ನು ಅಪ್ಪಾಜಿ ನೋಡಿದ್ದರು. ಹೀಗಿದ್ದಾಗ ಎಂಜಿನಿಯರಿಂಗ್ ಓದಿದ್ದರೂ ಎದುರು ಮಾತಾಡುವುದು ಕಷ್ಟ.

ಆಗಿನ ಕಂಪ್ಯೂಟರ್ ಕೋಣೆ ಈಗಿನವರಿಗೆ ನಗು ತರಿಸೀತು. ಚಪ್ಪಲಿ ಹೊರಗೆ ಬಿಡಬೇಕು. ಮೂಲೆಯಲ್ಲಿ ಯುನಿಕ್ಸ್ ಎಂಬ ವ್ಯವಸ್ಥೆ ಹಾಕಿದ ಒಂದೇ ಒಂದು ಮಷೀನು, ಅದಕ್ಕೆ ತಂತಿ ಎಳೆದು ಸ್ಟೋರ್ಸು, ಅಕೌಂಟ್ಸು, ಗೇಟು ಎಲ್ಲ ಕಡೆ ಹಸಿರು ಅಕ್ಷರದ ಪರದೆ, ಕೀಲಿಮಣೆಯ ಟರ್ಮಿನಲ್ಲುಗಳು. ದಿನದ ಕೆಲಸ ಮುಗಿದ ಮೇಲೆ ಎಲ್ಲವನ್ನೂ ಒಂದು ಟೇಪಿಗೆ ನಕಲು ಮಾಡಿ, ಆ ಟೇಪನ್ನು ನಾನು ಟಿಫಿನ್ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ದಾವಣಗೆರೆ ಆಫೀಸಿಗೆ ತಂದು ಬೀರುವಿನಲ್ಲಿ ಇಡುತ್ತಿದ್ದೆ. ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದು ಕಡೆ ಉಳಿಯಲಿ ಅಂತ. ಕಂಡಕ್ಟರ್ ಒಬ್ಬ ಅದನ್ನು ವಿಡಿಯೋ ಕ್ಯಾಸೆಟ್ಟು ಎಂದುಕೊಂಡು ಇವತ್ತು ಯಾವ ಪಿಚ್ಚರ್ ಅಕ್ಕಾರೆ ಎಂದು ಕೇಳುತ್ತಿದ್ದ. ಉಗ್ರಾಣದ ಲೆಕ್ಕ ಕಣಪ್ಪ ಎಂದರೆ ನಂಬಲಿಲ್ಲ.

ಇನ್ನು ಸ್ಕ್ರಿಪ್ಟು ಎಂದರೇನು ಎಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಅಡುಗೆಯವರಿಗೆ ಬರೆದುಕೊಟ್ಟ ಚೀಟಿ ಇದ್ದ ಹಾಗೆ. ಮೊದಲು ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂದು ಸಾಲು ಸಾಲಾಗಿ ಬರೆದಿರುತ್ತದೆ. ಮಷೀನು ಪ್ರಶ್ನೆ ಮಾಡದೆ ಮಾಡುತ್ತದೆ. ಆ ಫೈಲಿನ ಮೇಲೆ ಮೂರು ಥರದ ಅನುಮತಿ ಇರುತ್ತದೆ. ಓದುವುದು, ಬರೆಯುವುದು, ಓಡಿಸುವುದು. ಯಜಮಾನನಿಗೆ ಎಷ್ಟು, ಅವನ ಗುಂಪಿಗೆ ಎಷ್ಟು, ಊರಿನವರಿಗೆ ಎಷ್ಟು ಎಂದು ಬೇರೆ ಬೇರೆ ಕೊಡಬಹುದು. ಎಲ್ಲರಿಗೂ ಎಲ್ಲವನ್ನೂ ಕೊಟ್ಟರೆ ಅದಕ್ಕೆ ಏಳು-ಏಳು-ಏಳು ಎನ್ನುತ್ತಾರೆ. ನಮ್ಮಲ್ಲಿ ಬಹುಪಾಲು ಏಳು-ಏಳು-ಏಳೇ ಇತ್ತು.

ಹಾಗೇಕೆ ಇತ್ತು ಎಂಬುದಕ್ಕೆ ಒಂದು ಹಿನ್ನೆಲೆ ಇದೆ. ಮೊದಮೊದಲು ಪ್ರಕಾಶ್ ಸರ್ ಓದಿದವರ ಹಾಗೆ ಎಲ್ಲವನ್ನೂ ಬಿಗಿಯಾಗಿಯೇ ಇಟ್ಟಿದ್ದರಂತೆ. ಅವರು ರಜೆಯಲ್ಲಿದ್ದ ಒಂದು ದಿನ ಸ್ಟೋರ್ಸಿನ ದಾದಾಪೀರ್ ತಿಂಗಳ ರಿಪೋರ್ಟ್ ತೆಗೆಯಲು ಹೋದರೆ ಅನುಮತಿ ಇಲ್ಲ ಎಂದು ಬಂತು. ಅಕೌಂಟ್ಸಿಗೂ ಅದೇ ಉತ್ತರ. ಸರ್ ರಜೆ ಮುಗಿಸಿ ಬಂದ ದಿನ ಅಪ್ಪಾಜಿ ಅವರ ಮುಂದೆ ಕೂತು, ಕೂಡಿದ ಮನೆಯಲ್ಲಿ ಒಬ್ಬ ಸೊಸೆ ಮಾತ್ರ ಪೆಟ್ಟಿಗೆಗೆ ಬೀಗ ಹಾಕಿಕೊಂಡರೆ ಉಳಿದವರನ್ನೆಲ್ಲ ಕಳ್ಳರು ಎಂದ ಹಾಗಲ್ಲವೇನಪ್ಪ ಎಂದು ಕೇಳಿದರಂತೆ. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಅಂಗಡಿಯ ಗಲ್ಲಾ ಪೆಟ್ಟಿಗೆಯ ಕೀಲಿಯನ್ನು ಅಣ್ಣ ತಮ್ಮನಿಂದ ಬಚ್ಚಿಟ್ಟ ಎಂದರೆ ಆ ಮನೆ ಒಡೆಯಿತು ಎಂದೇ ಅರ್ಥ. ಪ್ರಕಾಶ್ ಸರ್ ಆಗಲಿ ಅಪ್ಪಾಜಿ ಎಂದು, ಹಿಂದೆ ಮುಂದೆ ನೋಡದೆ ಸ್ಕ್ರಿಪ್ಟುಗಳನ್ನೆಲ್ಲ ಎಲ್ಲರಿಗೂ ತೆರೆದಿಟ್ಟರು. ಅದು ಮರ್ಯಾದೆಗೆ ಮಾಡಿದ ಕೆಲಸ, ಸೋಮಾರಿತನಕ್ಕಲ್ಲ. ನಿಮ್ಮ ಪುಸ್ತಕದಲ್ಲಿ ಈ ಕಾರಣವನ್ನು ಬರೆದಿರುವುದಿಲ್ಲ.

ಅಪ್ಪಾಜಿಯವರಿಗೆ ಇನ್ನೊಂದು ಅಭ್ಯಾಸವಿತ್ತು. ಯಾವ ಹಾಳೆಯನ್ನು ಕೈಗೆತ್ತಿಕೊಂಡರೂ ನೆತ್ತಿಯಲ್ಲಿ ಶ್ರೀ ಬರೆಯದೆ ಮುಂದಿನ ಅಕ್ಷರ ಬರೆಯುತ್ತಿರಲಿಲ್ಲ. ರಜೆ ಅರ್ಜಿಯ ಮೇಲೂ ಶ್ರೀ, ಚಹಾದ ಚೀಟಿಯ ಮೇಲೂ ಶ್ರೀ. ಶ್ರೀ ಇಲ್ಲದ ಹಾಳೆ ವಿಭೂತಿ ಇಲ್ಲದ ಹಣೆಯ ಹಾಗೆ ಕಾಣುತ್ತದೆ ಎನ್ನುತ್ತಿದ್ದರು. ದೀಪಾವಳಿ ಅಮಾವಾಸ್ಯೆಯ ಲಕ್ಷ್ಮೀಪೂಜೆಯಲ್ಲಿ ಹೊಸ ಲೆಕ್ಕದ ಪುಸ್ತಕಗಳಿಗೆ ಶ್ರೀ ಬರೆಯುವುದು ಅವರ ಮನೆಯಲ್ಲಿ ತಲೆತಲಾಂತರದಿಂದ ಬಂದದ್ದು. ಕಾರ್ಖಾನೆಯಲ್ಲೂ ಆ ಕೆಲಸ ಅವರದ್ದೇ. ಟರ್ಮಿನಲ್ ಬಂದ ಮೇಲೆ ಅವರು ನನ್ನಿಂದ ಕಲಿತದ್ದು ಇಷ್ಟು. ಫೈಲು ತೆಗೆಯುವುದು, ಟೈಪ್ ಮಾಡುವುದು, ಉಳಿಸುವುದು. ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು, ಆದರೆ ಶ್ರದ್ಧೆಯಿಂದ.

ಆ ವರ್ಷದ ಲಕ್ಷ್ಮೀಪೂಜೆಯ ದಿನ ನಾನು ಮಧ್ಯಾಹ್ನವೇ ಟೇಪು ಮಾಡಿಕೊಂಡು, ಮಷೀನಿಗೆ ಚೆಂಡುಹೂವಿನ ಹಾರ ಹಾಕಿ, ಮಂಗಳಾರತಿ ಮುಗಿದ ಕೂಡಲೇ ಬಸ್ಸು ಹಿಡಿದೆ. ಹಬ್ಬಕ್ಕೆ ಮನೆಗೆ ಹೋಗುವ ಅವಸರ. ಮನಸ್ಸಿನಲ್ಲಿ ಇನ್ನೊಂದು ಸಂತೋಷವೂ ಇತ್ತು. ನನ್ನನ್ನು ಕಾಯಂ ಮಾಡುವ ಆರ್ಡರ್ ಟೈಪ್ ಆಗಿ ಜನರಲ್ ಮ್ಯಾನೇಜರ್ ಮೇಜಿನ ಮೇಲಿದೆ, ಹಬ್ಬ ಮುಗಿದ ಮೇಲೆ ಸಹಿ ಎಂದು ಪ್ರಕಾಶ್ ಸರ್ ಹೇಳಿದ್ದರು. ಯಜಮಾನರು ಅದನ್ನು ಕೇಳಿ ಎಷ್ಟೋ ದಿನದ ಮೇಲೆ ಮಕ್ಕಳ ಜೊತೆ ಕೂತು ನಕ್ಕರು.

ಪಾಡ್ಯದ ರಜೆ ಮುಗಿಸಿ ಮರುದಿನ ಬೆಳಿಗ್ಗೆ ಬಂದು ಕೂತೆ. ನನ್ನ ಮೊದಲ ಕೆಲಸ ಕಸ ಗುಡಿಸುವುದು. ಪ್ರೋಗ್ರಾಮುಗಳು ದಿನವಿಡೀ ತಾತ್ಕಾಲಿಕ ಫೈಲುಗಳನ್ನು ಒಂದು ಜಾಗದಲ್ಲಿ ಸುರಿದಿಟ್ಟಿರುತ್ತವೆ. ಆ ಜಾಗಕ್ಕೆ ಹೋಗಿ ಅಲ್ಲಿರುವುದನ್ನೆಲ್ಲ ಅಳಿಸು ಎಂದು ಹೇಳುವ ಒಂದು ಪುಟ್ಟ ಸ್ಕ್ರಿಪ್ಟು ಇತ್ತು. ಅದರ ಹೆಸರು ಟೈಪ್ ಮಾಡಿದರೆ ಸಾಕು. ಮಾಡಿದೆ. ಒಂದು ಸಾಲು ಬಂತು. ಇಂಗ್ಲಿಷ್ ಅಕ್ಷರದಲ್ಲಿ ಶ್ರೀ, ಪಕ್ಕದಲ್ಲಿ ಸಿಗಲಿಲ್ಲ ಎಂಬ ಅರ್ಥದ ಮಾತು. ಇದೇನಪ್ಪಾ ಎಂದುಕೊಳ್ಳುವಷ್ಟರಲ್ಲಿ ಕೆಲಸ ಮುಗಿದಿತ್ತು. ಸ್ವಲ್ಪ ಹೊತ್ತಿಗೆ ದಾದಾಪೀರ್ ಓಡಿ ಬಂದ. ಸ್ಟೋರ್ಸಿನ ಸಾಮಾನಿನ ಲೆಕ್ಕ ಇಲ್ಲ. ಗೇಟಿನಿಂದ ಫೋನು, ಲಾರಿಗೆ ಕೊಡುವ ಚೀಟಿ ಬರುತ್ತಿಲ್ಲ. ನಾನು ನೋಡಿದರೆ ಕಸದ ಜಾಗದಲ್ಲಿ ಕಸ ಹಾಗೇ ಇದೆ, ನನ್ನ ಹೆಸರಿನ ಜಾಗದಲ್ಲಿದ್ದ ಉಗ್ರಾಣದ ಫೈಲುಗಳು ಒಂದೂ ಇಲ್ಲ. 

ಪ್ರಕಾಶ್ ಸರ್ ಬಂದು ಪರದೆಯನ್ನು ನೋಡಿ, ಅಳಿಸುವ ಆಜ್ಞೆಯನ್ನು ಎಲ್ಲಿ ನಿಂತು ಕೊಟ್ಟಿರಿ ಎಂದು ಕೇಳಿದರು. ನಾನು ಅಳಿಸುವ ಆಜ್ಞೆ ಕೊಟ್ಟೇ ಇಲ್ಲ, ಸ್ಕ್ರಿಪ್ಟು ಓಡಿಸಿದೆ, ಶ್ರೀ ಸಿಗಲಿಲ್ಲ ಅಂತ ಏನೋ ಬಂತು ಎಂದೆ. ಅವರಿಗೆ ಸಿಟ್ಟಿನಲ್ಲೂ ನಗು ಬಂತು.

"ಲಕ್ಷ್ಮೀಪೂಜೆ ಮುಗಿದ ಮ್ಯಾಲೆ ಶ್ರೀ ಸಿಗಲಿಲ್ಲ ಅಂದ್ರೆ ಯಾರು ನಂಬ್ತಾರ್ರಿ ಸುವರ್ಣಮ್ಮ? ಕೈ ತಪ್ಪೈತೆ. ತಪ್ಪೈತೆ ಅನ್ರಿ."

ತಪ್ಪಿಲ್ಲ ಸರ್ ಎಂದೆ. ಅವರು ತಲೆ ಅಲ್ಲಾಡಿಸಿಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಜನರಲ್ ಮ್ಯಾನೇಜರ್ ಕರೆಸಿದರು. ಅವರು ಕೂಗಾಡುವ ಮನುಷ್ಯರಲ್ಲ. ನನ್ನ ಆರ್ಡರನ್ನು ಮೇಜಿನ ಎಡಗಡೆಯಿಂದ ಎತ್ತಿ ಡ್ರಾಯರಿನೊಳಗೆ ಇಟ್ಟರು. ಅಳಿಸುವ ಮುಂಚೆ ನೋಡದವರನ್ನು ಆ ಕೋಣೆಯಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ, ಟೈಪಿಂಗಿಗೂ ಈಗ ಬೇರೆಯವರಿದ್ದಾರೆ, ಪ್ರಕಾಶ್ ಅವರ ವರದಿ ಬಂದ ಮೇಲೆ ತೀರ್ಮಾನ ಮಾಡುತ್ತೇನೆ ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ಎಷ್ಟೋ ಸಲ ಆಡಿದ್ದೆ. ಅದು ಹೇಗಿರುತ್ತದೆ ಎಂದು ಆವತ್ತು ಗೊತ್ತಾಯಿತು.

ದಾವಣಗೆರೆಗೆ ಹೋಗಿ ಟೇಪು ತಂದೆ. ಅದೇ ಕಂಡಕ್ಟರ್. ಪಿಚ್ಚರ್ ಯಾವುದು ಎಂದು ಕೇಳಲು ಬಾಯಿ ತೆರೆದವನು ನನ್ನ ಮುಖ ನೋಡಿ ಸುಮ್ಮನೆ ಟಿಕೆಟ್ ಕೊಟ್ಟ. ಪೂಜೆಯ ದಿನದ ಟೇಪಾದ್ದರಿಂದ ಲೆಕ್ಕವೆಲ್ಲ ಹಾಗ್ಹಾಗೇ ವಾಪಸ್ಸು ಬಂತು. ಸಂಜೆಯ ಹೊತ್ತಿಗೆ ಲಾರಿಗಳು ಹೊರಟವು. ಕಾರ್ಖಾನೆಯ ಕಷ್ಟ ಮುಗಿಯಿತು, ನನ್ನದು ಉಳಿಯಿತು.

ಎಲ್ಲರೂ ಚಹಾಕ್ಕೆ ಹೋದಾಗ ನಾನು ಆ ಸ್ಕ್ರಿಪ್ಟನ್ನು ಓಡಿಸದೆ, ಬರೀ ತೆರೆದು ನೋಡಿದೆ. ಮೊದಲ ಸಾಲಿನಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಶ್ರೀ ಎಂದಿತ್ತು. ಟೇಪಿನಲ್ಲಿದ್ದ ಅದೇ ಸ್ಕ್ರಿಪ್ಟಿನ ನಕಲನ್ನು ಬೇರೆ ಜಾಗಕ್ಕೆ ತೆಗೆದು ನೋಡಿದೆ. ಅದರಲ್ಲಿ ಆ ಸಾಲು ಇಲ್ಲ.

ಏನಾಗಿತ್ತು ಎಂದರೆ, ಆಗ ಸ್ಕ್ರಿಪ್ಟನ್ನು ಓದಿ ಮಾಡಿಸುವ ಮೇಸ್ತ್ರಿಗಳು ಇಬ್ಬರಿದ್ದರು ಎಂದುಕೊಳ್ಳಿ. ಇಬ್ಬರ ಭಾಷೆಯೂ ಬೇರೆ. ಮೊಟ್ಟಮೊದಲ ಅಕ್ಷರ # ಎಂಬ ಹ್ಯಾಶ್ ಗುರುತಾಗಿದ್ದರೆ ಹೊಸ ಮೇಸ್ತ್ರಿ ಓದುತ್ತಾನೆ. ಅಲ್ಲದಿದ್ದರೆ ಹಳೇ ಮೇಸ್ತ್ರಿಗೆ ಹೋಗುತ್ತದೆ. ಈ ಸ್ಕ್ರಿಪ್ಟು ಹೊಸಬನ ಭಾಷೆಯದು. ಮೇಲೆ ಶ್ರೀ ಬಂದು ಕೂತದ್ದರಿಂದ ಹ್ಯಾಶ್ ಗುರುತು ಎರಡನೇ ಸಾಲಿಗೆ ಇಳಿಯಿತು, ಚೀಟಿ ಹಳಬನ ಕೈಗೆ ಸಿಕ್ಕಿತು. ಅವನು ಶ್ರೀ ಎಂಬುದು ಯಾವುದೋ ಆಜ್ಞೆ ಎಂದು ಹುಡುಕಿ, ಸಿಗಲಿಲ್ಲ ಎಂದು ಗೊಣಗಿ ಮುಂದೆ ಹೋದ. ಕಸದ ಜಾಗದ ಹೆಸರು ಬರೆದಿದ್ದ ರೀತಿ ಅವನಿಗೆ ತಿಳಿಯಲಿಲ್ಲ. ಹೆಸರಿಲ್ಲದ ಜಾಗಕ್ಕೆ ಹೋಗು ಎಂದರೆ ಅವನು ಹೋಗುವುದು ಓಡಿಸಿದವರ ಸ್ವಂತ ಮನೆಗೆ. ಅಂದರೆ ನನ್ನ ಜಾಗಕ್ಕೆ. ಅಲ್ಲಿ ನಿಂತು, ಇರುವುದನ್ನೆಲ್ಲ ಅಳಿಸು ಎಂಬ ಕೊನೆಯ ಸಾಲನ್ನು ಚಾಚೂ ತಪ್ಪದೆ ಮಾಡಿದ.

ಫೈಲಿನ ಅನುಮತಿ ನೋಡಿದೆ. ಏಳು-ಏಳು-ಏಳು. ತಿದ್ದಿದ್ದು ಪೂಜೆಯ ದಿನ, ನಾನು ಬಸ್ಸು ಹತ್ತಿದ ಮೇಲೆ. ಉಳಿದ ಫೈಲುಗಳನ್ನೂ ನೋಡುತ್ತಾ ಹೋದೆ. ಎಲ್ಲರಿಗೂ ತೆರೆದಿದ್ದ ಪ್ರತಿಯೊಂದರ ನೆತ್ತಿಯಲ್ಲೂ ಶ್ರೀ, ಹಬ್ಬದ ದಿನ ಹೊಸ್ತಿಲಿನಿಂದ ಹೊಸ್ತಿಲಿಗೆ ಕುಂಕುಮ ಇಡುತ್ತಾ ಹೋದ ಹಾಗೆ. ಅವೆಲ್ಲ ಹಳೇ ಮೇಸ್ತ್ರಿಯ ಭಾಷೆಯವೇ ಆದ್ದರಿಂದ ಗೊಣಗಿ ಸುಮ್ಮನಾಗಿದ್ದವು. ಅನುಮತಿ ಬಿಗಿಯಾಗಿದ್ದ ಕೆಲವು ಫೈಲುಗಳು ಮಾತ್ರ ಇದ್ದ ಹಾಗೇ ಇದ್ದವು. ಯಾರು ಬರೆದದ್ದು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಿಜ ಹೇಳುತ್ತೇನೆ, ಆಗ ನನಗೆ ಸಮಾಧಾನವಾಗಲಿಲ್ಲ, ಅಳು ಬಂತು. ನನಗೆ ಅನ್ನದ ದಾರಿ ತೋರಿಸಿದವರ ಹೆಸರು ಹೇಳಿಯೇ ನನ್ನ ಅನ್ನ ಉಳಿಸಿಕೊಳ್ಳಬೇಕಾಗಿತ್ತು. ಅವರಿಗೆ ಇನ್ನು ಉಳಿದದ್ದು ಒಂದೂವರೆ ವರ್ಷದ ಸರ್ವೀಸು. ಲಕ್ಷ್ಮೀಪೂಜೆಯ ದಿನ ಅವರು ಬರೆದ ಶ್ರೀಯಿಂದ ಕಾರ್ಖಾನೆ ನಿಂತಿತು ಎಂದು ಜನ ಆಡಿಕೊಂಡರೆ ಆ ಜೀವ ಹೇಗೆ ತಡೆದುಕೊಂಡೀತು?

ಮನೆಯಲ್ಲಿ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಗಿರಣಿ ಮುಚ್ಚಿದಾಗ ಯಾರ ತಪ್ಪು ಎಂದು ನಮಗೆ ಯಾರೂ ಹೇಳಲಿಲ್ಲ, ನಿನಗೆ ಗೊತ್ತಿದೆ, ಗೊತ್ತಿದ್ದೂ ಸುಮ್ಮನಿರಬೇಡ ಎಂದರು ಅಷ್ಟೆ.

ಬೆಳಿಗ್ಗೆ ಮೊದಲು ಅಕೌಂಟ್ಸ್ ಕೋಣೆಗೆ ಹೋದೆ. ಅಪ್ಪಾಜಿ ಕನ್ನಡಕ ಒರೆಸುತ್ತಾ ಕೂತಿದ್ದರು. ಪೂಜೆಯ ದಿನ ನೀವು ಟರ್ಮಿನಲ್ಲಿನಲ್ಲಿ ಶ್ರೀ ಬರೆದಿರಾ ಎಂದು ಕೇಳಿದೆ. ಅವರ ಮುಖ ಅರಳಿತು.

"ನೋಡಿದ್ಯೇನವ್ವ? ಈ ಸಲ ಪುಸ್ತಕಕ್ಕಷ್ಟೇ ಯಾಕ, ಇದೂ ಲೆಕ್ಕ ಬರಿಯಾದಲ್ಲೇನು ಅಂತ, ತೆಗೆದಿದ್ದೆಲ್ಲಾದ್ರ ಮ್ಯಾಲೂ ಬರ್ದೀನಿ. ಒಂದಿಷ್ಟು ಮಾತ್ರ ಬರ್ಯಾಕೆ ಬಿಡ್ಲಿಲ್ಲ, ಅನುಮತಿ ಇಲ್ಲ ಅಂದ್ವು. ಅವ್ಯಾಕೋ ಮುನಿಸ್ಕಂಡಾವೆ ಅಂತ ಬಿಟ್ಟೆ."

ನಾನು ಒಳ್ಳೇದು ಅಪ್ಪಾಜಿ ಎಂದು ಹೊರಗೆ ಬಂದುಬಿಟ್ಟೆ. ಗಡಿಗೆಯ ನೀರು ಕುಡಿದೆ. ಮತ್ತೆ ಒಳಗೆ ಹೋದೆ. ಈ ಸಲ ಎದುರಿಗೆ ಕೂತು ನಡೆದದ್ದನ್ನೆಲ್ಲ ಮೆಲ್ಲಗೆ ಹೇಳಿದೆ. ಮೊದಲಿಗೆ ಅವರಿಗೆ ತಿಳಿಯಲಿಲ್ಲ. ತಿಳಿದ ಮೇಲೆ ತಮ್ಮ ಬೆರಳನ್ನು ನೋಡಿಕೊಂಡರು. ಆಮೇಲೆ ಎದ್ದು ಕೋಟಿನ ಗುಂಡಿ ಹಾಕಿಕೊಂಡು ಜನರಲ್ ಮ್ಯಾನೇಜರ್ ಕೋಣೆಯ ಕಡೆಗೆ ಹೊರಟರು. ನಾನು ಹಿಂದೆಯೇ ಹೋಗಿ, ನೀವು ಬರಬೇಡಿ, ಯಾರು ಬರೆದರು ಎಂದು ಹೇಳದೆಯೇ ನಾನು ಹೇಳುತ್ತೇನೆ ಎಂದು ಬೇಡಿಕೊಂಡೆ.

"ಬರ್ದಿದ್ದು ನಾನು, ಕೆಲ್ಸ ಹೋಗಾದು ನಿಂದು. ಇದ್ಯಾವ ನ್ಯಾಯವ್ವ? ದಾರಿ ಬಿಡು."

ಒಳಗೆ ಪ್ರಕಾಶ್ ಸರ್ ತಮ್ಮ ವರದಿ ಹಿಡಿದುಕೊಂಡು ನಿಂತಿದ್ದರು. ಅಪ್ಪಾಜಿ ನಿಂತೇ ಹೇಳಿದರು, ತಪ್ಪು ತಮ್ಮದು, ಈ ಹೆಣ್ಣುಮಗಳದಲ್ಲ, ಏನು ಮಾಡಬೇಕೋ ತಮಗೆ ಮಾಡಿ ಎಂದು. ಜನರಲ್ ಮ್ಯಾನೇಜರ್ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದರು. ಅವರು ಅಪ್ಪಾಜಿಯವರನ್ನು ಏನೂ ಅನ್ನುವ ಹಾಗಿರಲಿಲ್ಲ, ಅನ್ನದೆ ಬಿಡುವ ಹಾಗೂ ಇರಲಿಲ್ಲ. ಆಗ ನಾನು ಬಾಯಿ ಬಿಟ್ಟೆ. ಆ ಕೋಣೆಯಲ್ಲಿ ಕೇಳದೆ ಮಾತಾಡಿದ್ದು ಅದೇ ಮೊದಲು.

"ಅವರು ಒಳ್ಳೇದಾಗ್ಲಿ ಅಂತ ಬರೆದ್ರು ಸರ್. ಬರ್ಯಾಕೆ ಬಿಟ್ಟಿದ್ದಕ್ಕೆ ಬರೆದ್ರು. ನನ್ನ ಹೆಸರಿನಾಗೆ ಓಡೋ ಸ್ಕ್ರಿಪ್ಟನ್ನ ಈ ಕಾರ್ಖಾನ್ಯಾಗೆ ಯಾರು ಬೇಕಾದ್ರೂ ತಿದ್ದಬಹುದು. ಇವತ್ತು ಶ್ರೀ ಬಂತು. ನಾಳೆ ಕೆಟ್ಟದ್ದು ಬಂದ್ರೂ ಹೆಸರು ನಂದೇ ಇರ್ತೈತೆ."

ತೋರಿಸಿ ಎಂದರು ಜನರಲ್ ಮ್ಯಾನೇಜರ್. ಎಲ್ಲರೂ ಕಂಪ್ಯೂಟರ್ ಕೋಣೆಗೆ ಬಂದೆವು. ಅವರು ಚಪ್ಪಲಿ ಬಿಡುವುದನ್ನು ಮರೆತರು, ಯಾರೂ ಹೇಳಲಿಲ್ಲ. ಗೇಟಿನ ವಾಚ್‌ಮನ್ ಹೆಸರಿನಲ್ಲಿ ಮಷೀನಿನ ಒಳಗೆ ಹೋಗಿ ಸಂಬಳ ಲೆಕ್ಕ ಹಾಕುವ ಸ್ಕ್ರಿಪ್ಟನ್ನು ತೆಗೆಯಿರಿ ಎಂದರು. ತೆಗೆದೆ. ತಿದ್ದಿ ಉಳಿಸಲಾಗುತ್ತದೆಯೇ ಎಂದು ಕೇಳಿದರು. ಒಂದು ಖಾಲಿ ಜಾಗ ಹಾಕಿ ಉಳಿಸಿದೆ. ಮಷೀನು ಚಕಾರವೆತ್ತಲಿಲ್ಲ. ಖಾಲಿ ಜಾಗವನ್ನು ತೆಗೆದು ಮೊದಲಿನ ಹಾಗೆ ಮಾಡಿದೆ. ಜನರಲ್ ಮ್ಯಾನೇಜರ್ ಪ್ರಕಾಶ್ ಸರ್ ಕಡೆ ತಿರುಗಿದರು. ಪ್ರಕಾಶ್ ಸರ್ ದೊಡ್ಡವರು, ಅಪ್ಪಾಜಿಯ ಬೀಗದ ಮಾತನ್ನು ಎತ್ತಲೇ ಇಲ್ಲ. ಬಾಗಿಲು ತೆಗೆದಿಟ್ಟದ್ದು ನಾನು ಸರ್ ಎಂದು ವರದಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆದರೆ ಅಪ್ಪಾಜಿಗೆ ನೆನಪಿತ್ತು. ಅವರು ತಲೆ ತಗ್ಗಿಸಿದರು.

ನನ್ನ ಆರ್ಡರ್ ಡ್ರಾಯರಿನಿಂದ ಹೊರಗೆ ಬಂತು. ಅದರ ಮಾತು ಅಷ್ಟು ಸಾಕು. ಜೊತೆಗೆ ಇನ್ನೊಂದು ಕೆಲಸವೂ ಬಂತು. ಇನ್ನು ಮೇಲೆ ಯಾವ ಫೈಲಿಗೆ ಯಾರ ಕೈ ತಾಗಬಹುದು ಎಂದು ನೋಡುವ ಹೊಣೆ ನನ್ನದು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾನು ಹಾಕಿದ್ದು ಬರೀ ದಿಡ್ಡಿ ಬಾಗಿಲಲ್ಲ, ಕಿಟಕಿ, ಗವಾಕ್ಷಿ ಎಲ್ಲವನ್ನೂ. ಒಂದು ಶನಿವಾರ ಕೂತು, ಒಂದೇ ಆಜ್ಞೆಯಲ್ಲಿ ಎಲ್ಲದರ ಮೇಲಿನ ಬರೆಯುವ ಅನುಮತಿಯ ಜೊತೆಗೆ ಓಡಿಸುವ ಅನುಮತಿಯನ್ನೂ ಕಿತ್ತುಹಾಕಿದೆ. ಫೈಲುಗಳನ್ನು ಇಡುವ ಕೋಣೆಗಳಂಥ ಡೈರೆಕ್ಟರಿಗಳ ವಿಷಯದಲ್ಲಿ ಓಡಿಸುವ ಅನುಮತಿ ಎಂದರೆ ಒಳಗೆ ಕಾಲಿಡುವ ಅನುಮತಿ ಎಂಬುದು ನನಗೆ ಗೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಯಾವ ವಿಭಾಗದವರೂ ತಮ್ಮ ಜಾಗದೊಳಗೆ ಹೋಗಲಾಗಲಿಲ್ಲ, ನಾನೂ ಸೇರಿ. ದಾದಾಪೀರ್ ಬಾಗಿಲಲ್ಲಿ ನಿಂತು ಹೇಳಿದ.

"ಕಳ್ಳರೂ ಬರಂಗಿಲ್ಲ, ನಾವೂ ಬರಂಗಿಲ್ಲ. ಬಂದೋಬಸ್ತ್ ಅಂದ್ರೆ ಹಿಂಗಿರ್ಬೇಕು ನೋಡ್ರಿ ಅಕ್ಕಾರೆ."

ಪ್ರಕಾಶ್ ಸರ್ ನಗುತ್ತಲೇ ಬಂದು ಸರಿ ಮಾಡಿದರು. ಅವರು ಒಳ್ಳೆಯ ಮೇಲಧಿಕಾರಿ ಎನ್ನುವುದಕ್ಕೆ ನನ್ನ ಬಳಿ ಇರುವ ಸಾಕ್ಷಿ ಇದು. ನನ್ನ ಕೈ ತಪ್ಪಿಲ್ಲ ಎಂದಾಗ ತಪ್ಪೈತೆ ಅನ್ರಿ ಎಂದವರು, ನಿಜವಾಗಿ ತಪ್ಪಿದ ದಿನ ಬೈಯಲಿಲ್ಲ.

ಆಮೇಲೆ ಒಬ್ಬೊಬ್ಬರ ಹತ್ತಿರ ಕೂತು ಕೇಳಿದೆ. ನಿಮಗೆ ಇದನ್ನು ಓದಬೇಕೋ, ಓಡಿಸಬೇಕೋ, ತಿದ್ದಬೇಕೋ? ತಿದ್ದಬೇಕು ಎಂದವರು ಹೆಚ್ಚುಕಡಿಮೆ ಯಾರೂ ಇಲ್ಲ. ಓಡಿಸಲು ಬಿಟ್ಟರೆ ಸಾಕಿತ್ತು. ಇಷ್ಟು ದಿನ ಬೀಗ ಹಾಕಿದರು ಎಂದು ಮುನಿಸಿಕೊಂಡಿದ್ದವರಿಗೆ ಬೇಕಾಗಿದ್ದದ್ದು ಒಳಗೆ ಬರುವ ದಾರಿ ಮಾತ್ರ. ಯಾರೂ ಕೇಳಿರಲಿಲ್ಲ. ಹೊಸಬರೇ, ಅನುಮತಿ ಕಿತ್ತುಕೊಳ್ಳುವ ಮುಂಚೆ ಹೋಗಿ ಕೇಳಿ. ಕೇಳಿದರೆ ಬಿಟ್ಟುಕೊಡುತ್ತಾರೆ.

ಇನ್ನೊಂದನ್ನು ತಡವಾಗಿ ಕಲಿತೆ. ಸ್ಕ್ರಿಪ್ಟಿಗೆ ಬೀಗ ಹಾಕಿ ಅದು ಇರುವ ಡೈರೆಕ್ಟರಿಯನ್ನು ಎಲ್ಲರಿಗೂ ತೆರೆದಿಟ್ಟರೆ ಪ್ರಯೋಜನವಿಲ್ಲ. ಪೆಟ್ಟಿಗೆ ಒಡೆಯಲಾಗದವನು ಪೆಟ್ಟಿಗೆಯನ್ನೇ ಎತ್ತಿಟ್ಟು, ಅದೇ ಹೆಸರಿನ ಬೇರೆ ಪೆಟ್ಟಿಗೆಯನ್ನು ಅಲ್ಲಿ ಇಡಬಹುದು. ಆದ್ದರಿಂದ ಮೊದಲು ಕೋಣೆ ನೋಡಬೇಕು, ಆಮೇಲೆ ಪೆಟ್ಟಿಗೆ. ದಿನಾ ಬೆಳಿಗ್ಗೆ ಕಸ ಗುಡಿಸುವ ಮುಂಚೆ, ಊರಿನವರೆಲ್ಲ ತಿದ್ದಬಹುದಾದ ಫೈಲು ಎಲ್ಲಾದರೂ ಇದೆಯೇ ಎಂದು ಹುಡುಕಿಸುತ್ತಿದ್ದೆ. ಹೆಚ್ಚಿನ ದಿನ ಏನೂ ಸಿಗುತ್ತಿರಲಿಲ್ಲ. ಏನೂ ಸಿಗದ ಕೆಲಸವನ್ನು ಬೇಸರವಿಲ್ಲದೆ ಮಾಡುವುದೇ ಈ ವೃತ್ತಿ.

ಮುಂದಿನ ದೀಪಾವಳಿ ಬಂತು. ಅಪ್ಪಾಜಿ ಪುಸ್ತಕಗಳಿಗೆಲ್ಲ ಶ್ರೀ ಬರೆದು, ಕಂಪ್ಯೂಟರ್ ಕೋಣೆಯ ಮಂಗಳಾರತಿಗೆ ಬಂದರು. ಟರ್ಮಿನಲ್ಲಿನಿಂದ ದೂರ, ಗೋಡೆಗೆ ಒರಗಿ, ಕೈ ಎರಡನ್ನೂ ಬೆನ್ನಿನ ಹಿಂದೆ ಕಟ್ಟಿಕೊಂಡು ನಿಂತರು. ಇಡೀ ವರ್ಷ ಅವರು ಕೀಲಿಮಣೆ ಮುಟ್ಟಿರಲಿಲ್ಲ. ಪತ್ರಗಳನ್ನೆಲ್ಲ ಕೈಯಲ್ಲೇ ಬರೆಯುತ್ತಿದ್ದರು. 

ಆ ಕಸ ಗುಡಿಸುವ ಸ್ಕ್ರಿಪ್ಟಿಗೆ ಮಾತ್ರ, ಅವರ ಹೆಸರಿಗೆ ಮಾತ್ರ ಬರೆಯುವ ಅನುಮತಿ ಕೊಟ್ಟೆ. ಕುರ್ಚಿ ಎಳೆದು, ಬರ್ರಿ ಅಪ್ಪಾಜಿ, ಕೂಡ್ರಿ ಎಂದೆ. ಅವರು ಬರಲಿಲ್ಲ. ಕೈ ಹಿಡಿದು ಕರೆತಂದು ಕೂರಿಸಬೇಕಾಯಿತು. ಎರಡನೇ ಸಾಲಿನಲ್ಲಿ ನಾನು ಮೊದಲೇ ಒಂದು ಹ್ಯಾಶ್ ಗುರುತು ಹಾಕಿಟ್ಟಿದ್ದೆ. ಅದರ ಮುಂದೆ ಬರೆಯಿರಿ ಎಂದೆ.

"ಬ್ಯಾಡವ್ವ. ಏನಾರ ಆದೀತು."

"ಏನೂ ಆಗಲ್ಲ ಅಪ್ಪಾಜಿ. ಈ ಗುರುತು ಆದ ಮ್ಯಾಲೆ ಆ ಸಾಲಿನಾಗೆ ಬರ್ದಿದ್ದನ್ನ ಮಷೀನ್ ಓದಾದಿಲ್ಲ."

ಅವರು ಕನ್ನಡಕ ಒರೆಸಿ ಹಾಕಿಕೊಂಡು ಪರದೆಯ ಹತ್ತಿರಕ್ಕೆ ಬಗ್ಗಿದರು.

"ಮಷೀನ್ ಓದಾದಿಲ್ಲ ಅಂದ್ರೆ ಮತ್ತೆ ಯಾರು ಓದ್ತಾರವ್ವ?"

"ನಾವು ಓದ್ತೀವಿ."

ಅವರು ಒಂದೇ ಬೆರಳಲ್ಲಿ, ಶ್ರೀಯ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತಿದರು. ಉಳಿಸಿದರು. ಕೀಲಿಮಣೆಗೆ ಕೈ ಮುಗಿದು ಎದ್ದರು. ಬಾಗಿಲ ತನಕ ಹೋದವರು ತಿರುಗಿ ನಿಂತರು.

"ಈಗ ಬಾಗ್ಲು ಹಾಕು. ನನಗೂ ಬ್ಯಾಡ ಅದು."

ಹಾಕಿದೆ.

ಅಪ್ಪಾಜಿ ಹೋಗಿ ಎಷ್ಟೋ ವರ್ಷಗಳಾದವು. ಆ ಮಷೀನು ಗುಜರಿಗೆ ಹೋಯಿತು, ಅದರ ನಂತರದ್ದೂ ಹೋಯಿತು. ಕಾರ್ಖಾನೆಯ ಲೆಕ್ಕ ಈಗ ಎಲ್ಲೋ ದೂರದ ಮಷೀನುಗಳಲ್ಲಿದೆ. ಪ್ರತಿ ಸಲ ಹೊಸದಕ್ಕೆ ಸಾಗಿಸುವಾಗ ಆ ಪುಟ್ಟ ಸ್ಕ್ರಿಪ್ಟನ್ನು ನಾನೇ ಕೈಯಾರೆ ಸಾಗಿಸಿದೆ, ಎರಡನೇ ಸಾಲಿನ ಸಮೇತ.

ನಿವೃತ್ತಿಯ ದಿನ ಹಾರ, ಭಾಷಣ ಆದ ಮೇಲೆ ಕೋಣೆಗೆ ಬಂದು, ನನ್ನ ಜಾಗಕ್ಕೆ ಬಂದಿದ್ದ ಹೆಣ್ಣುಮಗಳಿಗೆ ನನ್ನ ಹೆಸರಿಗಿದ್ದ ತಿದ್ದುವ ಅನುಮತಿಗಳನ್ನೆಲ್ಲ ನನ್ನ ಎದುರಿಗೇ ತೆಗೆಯಮ್ಮ ಎಂದೆ. ಅವಳಿಗೆ ಸಂಕೋಚ. ನಾಳೆ ತೆಗೆದರಾಯಿತು ಮೇಡಂ, ಇವತ್ತೇ ಯಾಕೆ ಎಂದಳು. ಇವತ್ತೇ ತೆಗೆ ಎಂದೆ. ಅವಳು ತೆಗೆದ ಮೇಲೆ ನನ್ನ ಹೆಸರಿನಲ್ಲಿ ಆ ಸ್ಕ್ರಿಪ್ಟನ್ನು ತೆರೆದು, ಒಂದು ಅಕ್ಷರ ಸೇರಿಸಿ ಉಳಿಸಲು ನೋಡಿದೆ. ಅನುಮತಿ ಇಲ್ಲ ಎಂದು ಬಂತು. ಮತ್ತೊಮ್ಮೆ ನೋಡಿದೆ, ಮತ್ತೆ ಅದೇ ಉತ್ತರ. ಸರಿಯಾಗಿ ಮಾಡಿದ್ದೀಯಮ್ಮ ಎಂದು ಅವಳ ಬೆನ್ನು ತಟ್ಟಿದೆ.

ಓದಲು ಮಾತ್ರ ಬಿಟ್ಟಿತು. ಎರಡನೇ ಸಾಲಿನಲ್ಲಿ ಶ್ರೀ ಇತ್ತು. ಓದಿಕೊಂಡು, ಟಿಫಿನ್ ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟೆ.